ಬರೀ ‘ಜೀಯಸ್’ ಅಂದರೆ ಸಾಲದು

ಗ್ರೀಕ್ ದೇವರುಗಳ ಪಟ್ಟಿ ಎಲ್ಲಿ ನೋಡಿದರೂ ಒಂದೇ ಥರ: ಜೀಯಸ್‌ಗೆ ಸಿಡಿಲು, ಪೊಸೈಡನ್‌ಗೆ ಸಮುದ್ರ, ಅಥೀನಾಗೆ ವಿವೇಕ. ಬಾಯಿಪಾಠಕ್ಕೆ ಇದು ಅನುಕೂಲ. ಪೂಜೆ ಮಾಡುತ್ತಿದ್ದವರಿಗೆ ಮಾತ್ರ ಇಷ್ಟು ಸಾಲುತ್ತಿರಲಿಲ್ಲ. ಹೆಸರಿನ ಜೊತೆ ಒಂದು ಬಿರುದು ಇರುತ್ತಿತ್ತು. ದೇವರ ಕೆಲಸ ಏನೆಂದು ತಿಳಿಯುತ್ತಿದ್ದುದು ಅದರಿಂದಲೇ.

ಒಂದೇ ಮನೆಯೊಳಗೆ ನೋಡಿ. ಅಂಗಳದ ಬಲಿಪೀಠ ಜೀಯಸ್ ಹೆರ್ಕೆಯೊಸ್‌ನದು, ಆವರಣ ಕಾಯುವವನು. ಉಗ್ರಾಣದಲ್ಲಿರುವವನು ಜೀಯಸ್ ಕ್ಟೇಸಿಯೊಸ್, ಆಸ್ತಿ ಕಾಯುವವನು. ಅವನಿಗೆ ವಿಗ್ರಹದ ಬದಲು ಒಂದು ಪಾತ್ರೆ: ಎರಡು ಹಿಡಿಯ, ಮುಚ್ಚಳವಿರುವ ಹೊಸ ಪಾತ್ರೆ, ಹಿಡಿಗಳಿಗೆ ಬಿಳಿ ಉಣ್ಣೆ ಸುತ್ತಿ, ಒಳಗೆ ಶುದ್ಧ ನೀರು, ಆಲಿವ್ ಎಣ್ಣೆ, ಬಗೆಬಗೆಯ ಫಲ ಹಾಕಬೇಕು. ಅಥೆನ್ಸಿನಲ್ಲಿ ಆರ್ಕನ್ ಎಂಬ ಉನ್ನತ ಅಧಿಕಾರಿಯ ಹುದ್ದೆಗೆ ಆಯ್ಕೆಯಾದವನನ್ನು ಪರೀಕ್ಷಿಸುವಾಗ, ನಿನಗೆ ಜೀಯಸ್ ಹೆರ್ಕೆಯೊಸ್ ಇದ್ದಾನೆಯೇ, ಅವನ ಗುಡಿ ಎಲ್ಲಿದೆ ಎಂದು ಸಹ ಕೇಳುತ್ತಿದ್ದರು.

ಬಿರುದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಥೆನ್ಸಿನ ಸೈನಿಕ, ಲೇಖಕ ಕ್ಸೆನೊಫಾನ್ ಬರೆದಿಟ್ಟದ್ದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕ್ರಿ.ಪೂ. 399ರಲ್ಲಿ, ಪರ್ಷಿಯಾ ಮೇಲಿನ ದಂಡಯಾತ್ರೆ ಮುಗಿಸಿ ಬಂದ ಆತನ ಕೈ ಬರಿದಾಗಿತ್ತು. ಲ್ಯಾಂಪ್ಸಕಸ್‌ನಲ್ಲಿ 50 ಡ್ಯಾರಿಕ್‌ಗೆ, ಅಂದರೆ ಪರ್ಷಿಯಾದ ಚಿನ್ನದ ನಾಣ್ಯಕ್ಕೆ, ಕುದುರೆಯನ್ನೇ ಮಾರಿದ್ದ. ಬಲಿಯ ಲಕ್ಷಣ ನೋಡಿದ ಯೂಕ್ಲಿಡೀಸ್ ಎಂಬ ದೈವಜ್ಞ, ನಿನಗೆ ಅಡ್ಡಿಯಾಗಿರುವವನು ಜೀಯಸ್ ಮೆಯ್ಲಿಕಿಯೊಸ್, ಬಲಿಯಿಂದ ಶಾಂತನಾಗುವವನು, ಎಂದ. ಮನೆಯಲ್ಲಿ ರೂಢಿಯಿದ್ದ ಆ ಬಲಿಯನ್ನು ಊರು ಬಿಟ್ಟಮೇಲೆ ಆತ ಕೊಟ್ಟೇ ಇರಲಿಲ್ಲ. ದಂಡಯಾತ್ರೆಯಲ್ಲಿ ‘ರಾಜ’ ಜೀಯಸ್‌ಗೆ ಬಲಿ ಕೊಟ್ಟಿದ್ದನಲ್ಲ? ಅದು ಈ ಲೆಕ್ಕಕ್ಕೆ ಬರಲಿಲ್ಲ. ಮರುದಿನ ಹಂದಿಗಳನ್ನು ಇಡಿಯಾಗಿ ಸುಟ್ಟು ಅರ್ಪಿಸಿದ. ಸಾಮಾನ್ಯ ಬಲಿಯಲ್ಲಿ ಮಾಂಸವನ್ನು ಜನ ಹಂಚಿ ಉಣ್ಣುತ್ತಾರೆ. ಇಲ್ಲಿ ತುಣುಕೂ ಉಳಿಯುವುದಿಲ್ಲ. ಅದೇ ದಿನ ಸೈನ್ಯಕ್ಕೆ ಹಣ ಬಂತು, ಮಾರಿದ ಕುದುರೆಯನ್ನೂ ಬಿಡಿಸಿ ತಂದುಕೊಟ್ಟರು. ಅಥೆನ್ಸಿನ ಬಂದರು ಪಿರೇಯಸ್‌ನಲ್ಲಿ ಸಿಕ್ಕ ಕಲ್ಲುಗಳ ಮೇಲೆ ಈ ಮೆಯ್ಲಿಕಿಯೊಸ್ ದೊಡ್ಡ ಹಾವಿನ ರೂಪದಲ್ಲಿದ್ದಾನೆ. ಕೈಯಲ್ಲಿ ಸಿಡಿಲು ಹಿಡಿದವನನ್ನಷ್ಟೇ ಹುಡುಕಿದರೆ ಆ ಕಲ್ಲಿನ ಮುಂದೆ ನಿಂತರೂ ಗುರುತು ಸಿಗದು.

ನಮ್ಮಲ್ಲಿ ಜೀಯಸ್ ಅಂದರೆ ಇಂದ್ರ ಎಂದುಬಿಡುವ ರೂಢಿಯಿದೆ. ಹೆಸರಿನ ನೆಂಟಸ್ತಿಕೆ ಇರುವುದು ಋಗ್ವೇದದ ಆಕಾಶದೇವ ದ್ಯೌಃ ಜೊತೆ, ಎರಡೂ ಒಂದೇ ಮೂಲದ ಪದಗಳು. ಕೆಲಸದಲ್ಲಿ ಮಾತ್ರ ಸಿಡಿಲು ನಮ್ಮ ಕಡೆ ಇಂದ್ರನ ಪಾಲಾಯಿತು.

ಪೊಸೈಡನ್‌ನನ್ನು ಸಮುದ್ರಕ್ಕೆ ಕಟ್ಟಿಹಾಕುವುದೂ ತಪ್ಪು. ಹೋಮರ್ ಅವನನ್ನು ಮತ್ತೆ ಮತ್ತೆ ಕರೆಯುವುದು ‘ಭೂಮಿ ನಡುಗಿಸುವವನು’ ಎಂದು. ಕ್ರಿ.ಪೂ. 373ರಲ್ಲಿ ಭೂಕಂಪದಿಂದ ಗ್ರೀಸಿನ ಹೆಲಿಕೆ ನಗರ ನೀರುಪಾಲಾದಾಗ ಜನ ಹೇಳಿದ್ದು ಅವನ ಕೋಪ ಎಂದೇ. ಕಡಲಿಂದ ದೂರದ ಮಾಂಟಿನೆಯಾದಲ್ಲಿ ಅವನು ಹಿಪ್ಪಿಯೊಸ್, ಕುದುರೆಗಳ ಒಡೆಯ.

ಅಥೀನಾ ವಿಷಯದಲ್ಲಿ ಎಡವುವುದು ಅಥೆನ್ಸಿನ ಗುಡ್ಡ ಅಕ್ರೊಪೊಲಿಸ್‌ನಲ್ಲಿ. ಅಲ್ಲಿನ ಪಾರ್ಥೆನಾನ್ ಗುಡಿಯೊಳಗೆ ಶಿಲ್ಪಿ ಫಿಡಿಯಾಸ್ ನಿಲ್ಲಿಸಿದ ಚಿನ್ನ, ದಂತದ ಅಥೀನಾ ಪಾರ್ಥೆನೊಸ್‌ಗೇ ಅಥೀನಾಳ ದೊಡ್ಡ ಹಬ್ಬ ಪ್ಯಾನಥೀನಿಯದ ಸೀರೆ ಸಲ್ಲುತ್ತಿತ್ತೆಂದು ಹಲವರು ತಿಳಿಯುತ್ತಾರೆ. ಸೀರೆಯೆಂದೆ, ಅದು ಪೆಪ್ಲೊಸ್, ಭುಜದ ಮೇಲೆ ಪಿನ್ನು ಚುಚ್ಚಿ ಉಡುವ ಉಣ್ಣೆಬಟ್ಟೆ. ಅದು ಸಲ್ಲುತ್ತಿದ್ದುದು ಊರು ಕಾಯುವ ಅಥೀನಾ ಪೊಲಿಯಾಸ್‌ಗೆ, ಆಲಿವ್ ಮರದ ಹಳೆಯ ಮೂರ್ತಿಗೆ. ಹಬ್ಬಕ್ಕೆ ಸುಮಾರು ಒಂಬತ್ತು ತಿಂಗಳು ಮುಂಚೆ, ಕಾಲ್ಕೆಯಾ ಎಂಬ ಹಬ್ಬದ ದಿನ ಮಗ್ಗ ಹೂಡುತ್ತಿದ್ದರು. ಆ ದಿನ ಪೂಜೆ ಕುಶಲಕರ್ಮಿಗಳ ಅಥೀನಾ ಎರ್ಗಾನೆಗೆ.