ಸೋರಿದ್ದು ಮಳೆನೀರಲ್ಲ

"ಮನೆ ಸೋರ್ತಾ ಅದೆ ಕಣಪ್ಪ, ಎದ್ದೇಳು" ಅಂತ ಅವ್ವ ಎಬ್ಬಿಸಿದಾಗ ಬೆಳಗಿನ ಜಾವ ಐದೂವರೆ. ಜನವರಿ ತಿಂಗಳು. ಮಳೆ ನಿಂತು ಎಷ್ಟೋ ದಿನವಾಗಿತ್ತು. ಕನಸು ಕಂಡಿರಬೇಕು ಅಂದುಕೊಂಡೆ. ಆದರೆ ಅವಳ ಕಂಬಳಿ ಮುಟ್ಟಿದರೆ ನಿಜಕ್ಕೂ ಒದ್ದೆ. ಟಾರ್ಚ್ ಬಿಟ್ಟು ನೋಡಿದೆ. ತಗಡಿನ ಒಳಮೈ ತುಂಬಾ ಹನಿ.

ಹೊರಗೆ ಹುಲ್ಲೆಲ್ಲ ಬೆಳ್ಳಗಾಗಿತ್ತು. ನಮ್ಮ ಮೂಲ ಗುಂಡ್ಲುಪೇಟೆ ಕಡೆ. ತರಕಾರಿ ವ್ಯಾಪಾರಕ್ಕೆ ಅಂತ ನೀಲಗಿರಿಗೆ ಬಂದ ಅಪ್ಪ ಊಟಿ ಹತ್ತಿರದ ಈ ಹಳ್ಳಿಯಲ್ಲೇ ನಿಂತುಬಿಟ್ಟರು. "ಊಟಿಯಲ್ಲಿದ್ದೀರಿ, ಪುಣ್ಯವಂತರು" ಅನ್ನುವ ಮೈಸೂರಿನ ನೆಂಟರು ಬರುವುದು ಮೇ ತಿಂಗಳ ಹೂವಿನ ಪ್ರದರ್ಶನಕ್ಕೆ. ಜನವರಿಯಲ್ಲಿ ಒಂದು ರಾತ್ರಿ ಮಲಗಿ ನೋಡಲಿ! 2,200 ಮೀಟರ್ ಎತ್ತರದ ಜಾಗ ಇದು. ತಗ್ಗಿನಲ್ಲಿ ಸೊನ್ನೆ ಡಿಗ್ರಿವರೆಗೂ ಇಳಿಯುತ್ತದೆ. ಹಿಮ ಬಿದ್ದ ಆಲೂಗಡ್ಡೆ ಗಿಡ ಬಿಸಿಲೇರುವಷ್ಟರಲ್ಲಿ ಬೆಂಕಿ ತಗುಲಿದ ಹಾಗೆ ಕರ್ರಗಾಗುತ್ತದೆ.

ಮೊದಲು ನಮ್ಮದು ಹೆಂಚಿನ ಮನೆ. ಕೋತಿಗಳು ವರ್ಷಕ್ಕೆ ಇಪ್ಪತ್ತು ಹೆಂಚಾದರೂ ಒಡೆಯುತ್ತಿದ್ದವು. ನಾನಿರುವುದು ಕೊಯಮತ್ತೂರಿನಲ್ಲಿ, ಅವ್ವನಿಗೆ ಮಂಡಿನೋವು. ಯಾರು ಹತ್ತುವುದು? ಅದಕ್ಕೇ ಮೂರು ವರ್ಷದ ಹಿಂದೆ ತಗಡು ಹೊದಿಸಿದ್ದೆ. ಗಾಳಿ ನುಗ್ಗದಿರಲಿ ಅಂತ ಸೂರಿನ ಸಂದಿಗಳಿಗೆಲ್ಲ ಹಳೇ ಗೋಣಿಚೀಲ ತುರುಕಿದ್ದೆ. ಬಹಳ ಬುದ್ಧಿವಂತ ಕೆಲಸ ಮಾಡಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಅಂಗಡಿಯವನ ಮಾತು ಕೇಳಿ ಸ್ಕ್ರೂಗಳ ಸುತ್ತ ಅಂಟು ಮೆತ್ತಿದೆ. ಮಾರನೇ ಬೆಳಿಗ್ಗೆ ಮತ್ತೆ ಅದೇ ಹನಿ. ಆಮೇಲೆ ಪಕ್ಕದ ಹಟ್ಟಿಯ ಮೇಸ್ತ್ರಿಯನ್ನು ಕರೆಸಿದೆ. ಅವರ ಮಾತು ನೀಲಗಿರಿಯ ಬಡಗ, ನಮ್ಮದು ಕನ್ನಡ. ಹೇಗೋ ಒಬ್ಬರಿಗೊಬ್ಬರು ಅರ್ಥವಾಗುತ್ತೇವೆ. ಅವರು ಮಾಡು ಹತ್ತಲೇ ಇಲ್ಲ. ಒಲೆ ಎಲ್ಲಿದೆ, ಸ್ನಾನದ ನೀರು ಎಲ್ಲಿ ಕಾಯಿಸುತ್ತೀರಿ, ರಾತ್ರಿ ಎಷ್ಟು ಜನ ಮಲಗುತ್ತೀರಿ ಅಂತ ಕೇಳಿದರು. ಕೊನೆಗೆ ಗೋಣಿಚೀಲ ಎಳೆದು ತೆಗೆದು, "ತಮ್ಮಾ, ಇದು ಮಳೆನೀರಲ್ಲ. ನಿಮ್ಮ ಅನ್ನದ ನೀರು, ನಿಮ್ಮ ಉಸಿರಿನ ನೀರು" ಅಂದರು.

ತಣ್ಣೀರಿನ ಚೊಂಬು ಬೆವರುವುದಿಲ್ಲವೇ, ಹಾಗೇ ಇದೂ. ಮೋಡವಿಲ್ಲದ ರಾತ್ರಿ ತಗಡು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟು, ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ಆವಿ ಅದಕ್ಕೆ ತಾಗಿದ ಕೂಡಲೇ ನೀರು. ಹೆಂಚಿನ ಸಂದಿಯಲ್ಲಿ ಆವಿ ಹೊರಗೆ ಹೋಗುತ್ತಿತ್ತು. ಆ ದಾರಿಯನ್ನು ನಾನೇ ಗೋಣಿಚೀಲ ತುರುಕಿ ಮುಚ್ಚಿದ್ದೆ.

ಇನ್ನೇನು ಮಾಡುವುದು ಅಂತ ವಾರಗಟ್ಟಲೆ ಚರ್ಚೆ. ಆರ್‌ಸಿಸಿ ಹಾಕಿಸು ಅಂದ ಮಾವನ ಮಗ. ಬರೀ ಕಾಂಕ್ರೀಟ್ ಚಳಿ ತಡೆಯುವುದು ಅಷ್ಟಕ್ಕಷ್ಟೇ. ಆರಿಂಚು ಕಾಂಕ್ರೀಟಿಗಿಂತ ಎರಡಿಂಚು ಥರ್ಮೋಕೋಲ್ ಎಷ್ಟೋ ಪಾಲು ಮೇಲು. ಪಫ್ ಪ್ಯಾನೆಲ್, ಅಂದರೆ ಎರಡು ತಗಡಿನ ನಡುವೆ ಫೋಮ್ ತುಂಬಿದ್ದು, ನನಗೆ ತುಂಬಾ ಹಿಡಿಸಿತ್ತು. ಆದರೆ ನಮ್ಮ ಮನೆವರೆಗೆ ಗಾಡಿ ಬರುವುದಿಲ್ಲ. ಅಷ್ಟುದ್ದದ ಪ್ಯಾನೆಲ್ ಹೊತ್ತುಕೊಂಡು ಕಡಿದಾದ ಮೆಟ್ಟಿಲು ಹತ್ತಬೇಕು. ಗ್ಲಾಸ್ ವೂಲ್, ಅಂದರೆ ಹತ್ತಿಯಂಥ ಗಾಜಿನ ಎಳೆ, ನೆನೆದರೆ ಕೆಲಸಕ್ಕೆ ಬಾರದು. ಥರ್ಮೋಕೋಲಿಗೆ ಇಲಿ ಕಾಟ, ಬೆಂಕಿ ಭಯ. ಆದರೂ ಅದು ನೀರು ಅಷ್ಟಾಗಿ ಹೀರುವುದಿಲ್ಲ, ಹೊರುವುದೂ ಸಲೀಸು.

ಕೊನೆಗೆ ಹಳೇ ತಗಡನ್ನೇ ಉಳಿಸಿಕೊಂಡೆವು. ಅದರ ಕೆಳಗೆ ಎರಡಿಂಚು ಜಾಗ ಖಾಲಿ ಬಿಟ್ಟು, ರೀಪುಗಳ ನಡುವೆ ಥರ್ಮೋಕೋಲ್ ಕೂರಿಸಿದರು. ಅದರಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಕೊನೆಯಲ್ಲಿ ಸಿಮೆಂಟ್ ಬೋರ್ಡು. ಹಾಳೆ ಬೆಚ್ಚಗಿರುವ ಕಡೆಗೇ ಇರಬೇಕು, ಇಲ್ಲದಿದ್ದರೆ ಆವಿ ಮೇಲೆ ಹೋಗಿ ಅಲ್ಲೇ ನೀರಾಗುತ್ತದೆ. ಖಾಲಿ ಜಾಗದಲ್ಲಿ ಗಾಳಿ ಓಡಾಡಲಿ ಅಂತ ಸೂರಿನಲ್ಲೂ ಮಾಡಿನ ನೆತ್ತಿಯಲ್ಲೂ ಸಂದಿ ಬಿಟ್ಟು, ಇಲಿ ಬಾರದಂತೆ ಕಬ್ಬಿಣದ ಜಾಲರಿ ಹೊಡೆದರು. ನಾನು ಸೀಲಿಂಗ್ ಮಟ್ಟಸವಾಗಿರಲಿ, ನೋಡಲು ಚೆನ್ನ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. ಮಾಡಿನ ಇಳಿಜಾರಿನಲ್ಲೇ ಹೋದರೆ ಒಂದೆರಡು ಹನಿ ಬಿದ್ದರೂ ಜಾರಿ ಹೊರಗೆ ಹೋಗುತ್ತದಂತೆ. ಹೊಗೆ ಕೊಳವೆಯ ಸುತ್ತ ಥರ್ಮೋಕೋಲ್ ಬೇಡವೇ ಬೇಡ ಅಂತ ಅಲ್ಲಿ ಬರೀ ಬೋರ್ಡು ಹೊಡೆದರು. ಅಡುಗೆಮನೆ ಗೋಡೆಗೆ ಒಂದು ಫ್ಯಾನು ಬಂತು.

ಜೂನ್‌ನಲ್ಲಿ ಅವ್ವನಿಂದ ಫೋನು. "ಏನ್ ಮಾಡಿಸ್ದೆಯೋ, ಮಳೆ ಬಂದ್ರೆ ಸದ್ದೇ ಕೇಳಾಕಿಲ್ಲ. ಹೊರಗೆ ಹಾಕಿದ್ ಬಟ್ಟೆ ಎಲ್ಲ ನೆನೆದೋಯ್ತು!" ತಗಡಿನ ಮೇಲೆ ಮಳೆ ಬಡಿಯುವ ಸದ್ದೇ ಅವಳಿಗೆ ಗಡಿಯಾರವಾಗಿತ್ತು ಅಂತ ನನಗೆ ಹೊಳೆದಿರಲೇ ಇಲ್ಲ.

ಡಿಸೆಂಬರಿನಲ್ಲಿ ರಜೆ ಹಾಕಿ ಹೋದೆ. ಬೆಳಿಗ್ಗೆ ಎದ್ದವನೇ ಅವಳ ಕಂಬಳಿ ಮುಟ್ಟಿ ನೋಡಿದೆ. ಒಣಗಿತ್ತು. ಬಚ್ಚಲುಮನೆಗೆ ಮಾತ್ರ ದುಡ್ಡು ಸಾಲದೆ ಹಾಗೇ ಬಿಟ್ಟಿದ್ದೆವು. ಬಿಸಿನೀರು ಹುಯ್ದುಕೊಳ್ಳುವಾಗ ಮೇಲಿಂದ ಒಂದು ತಣ್ಣನೆಯ ಹನಿ ಸರಿಯಾಗಿ ಬೆನ್ನ ನಡುವೆ ಬಿತ್ತು.