ಕಸಿ ದಿನಕ್ಕಿಂತ ಆಮೇಲಿನ ದಿನಗಳೇ ಜೋರು

ಮೂಳೆಮಜ್ಜೆ ಕಸಿ ದಿನ ಆಗೋದು ಇಷ್ಟೇ: ರಕ್ತ ಏರಿಸಿದ ಹಾಗೆ ಒಂದು ಚೀಲ ಕಾಂಡಕೋಶ (ರಕ್ತಕಣ ಹುಟ್ಟಿಸೋ ಮೂಲಕೋಶ) ಸೆಂಟ್ರಲ್ ಲೈನ್‌ನಲ್ಲಿ, ಅಂದರೆ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆಯಲ್ಲಿ, ಇಳಿಯುತ್ತೆ. ಸೋಂಕಿನ ವಿರುದ್ಧ ಹೋರಾಡೋ ಬಿಳಿರಕ್ತಕಣ ನ್ಯೂಟ್ರೋಫಿಲ್ ಎಣಿಕೆ ಸತತ 3 ದಿನ ಮೈಕ್ರೋಲೀಟರ್‌ಗೆ 500 ದಾಟೋವರೆಗೆ, ಸಾಮಾನ್ಯವಾಗಿ 2ರಿಂದ 4 ವಾರ, ಕಾವಲು ನರ್ಸ್‌ಗಳದ್ದೇ. 38 ಡಿಗ್ರಿ ಸೆಲ್ಸಿಯಸ್ ಜ್ವರ ಕಂಡರೆ ತಕ್ಷಣ ಹೇಳಿ, ಪ್ಯಾರಾಸಿಟಮಾಲ್ ನುಂಗಿ ಮರೆಮಾಚಬೇಡಿ.

ದಾನಿಯಿಂದ ಕಸಿ ಆಗಿದ್ದರೆ ಮನೆಗೆ ಬಂದ ಮೇಲೆ ಫಾರ್ಮಸಿಸ್ಟ್ ನಂಬರ್ ಕೈಯಲ್ಲಿರಲಿ. ರೋಗನಿರೋಧಕ ಶಕ್ತಿಯನ್ನ ತಗ್ಗಿಸಿಡೋ ಔಷಧಿ ಟ್ಯಾಕ್ರೋಲಿಮಸ್ ರಕ್ತದಲ್ಲಿ ಎಷ್ಟಿದೆ ಅಂತ ನೋಡೋ ದಿನ ಬೆಳಗಿನ ಗುಳಿಗೆ ರಕ್ತ ಕೊಟ್ಟ ಮೇಲೇ. ಮೊದಲೇ ನುಂಗಿದರೆ ಮಟ್ಟ ಸುಳ್ಳೇ ಜಾಸ್ತಿ ತೋರಿಸಿ ಡೋಸ್ ಇಳಿಸಿಬಿಡಬಹುದು. ಆಗ ದಾನಿಯ ಕೋಶಗಳು ಚರ್ಮ, ಕರುಳು, ಲಿವರ್ ಮೇಲೆ ತಿರುಗಿಬೀಳೋ ಅಪಾಯ. ಇಷ್ಟು ಮುಖ್ಯವಾದದ್ದನ್ನ ಡಿಸ್ಚಾರ್ಜ್ ಚೀಟಿಯಲ್ಲಿ ದಪ್ಪಕ್ಷರದಲ್ಲೇ ಬರೆಯಬೇಕು ಬಿಡಿ. ಬೇರೆ ಕಡೆ ರಕ್ತ ಹಾಕಿಸೋದಾದರೆ ಇರ್ರೇಡಿಯೇಟ್ ಮಾಡಿದ್ದೇ (ವಿಕಿರಣ ಹಾಯಿಸಿದ ರಕ್ತವೇ) ಬೇಕು ಅಂತ ಮೊದಲೇ ಹೇಳಿ.