ಮೇಜಿನ ಮೇಲೆ ಬೂಟ್ ಆಗಿದ್ದು ಯಾರ ಯು-ಬೂಟ್?

ಬೆಳಿಗ್ಗೆ ಹತ್ತೂವರೆಗೆ ಪೀಣ್ಯದ ಅಸೆಂಬ್ಲಿ ಲೈನಿನಿಂದ ಫೋನ್. "ಮೇಡಂ, ಮೊದಲ ಲಾಟ್ ಬಂತು. ನೀವು ಕೊಟ್ಟ ಕಾರ್ಡ್ ಹಾಕಿ ಪವರ್ ಕೊಟ್ರೆ ಸೀರಿಯಲ್‌ನಲ್ಲಿ ಬರೀ ಸಿ ಸಿ ಸಿ ಸಿ ಅಂತ ಬರ್ತಿದೆ. ನಾಲ್ಕು ಬೋರ್ಡ್ ನೋಡಿದೆ, ನಾಲ್ಕೂ ಹಂಗೇ."

ಎಎಂ3358 ಪ್ರೊಸೆಸರ್ ಹಾಕಿ ನಾವೇ ಮಾಡಿಸಿದ ಬೋರ್ಡ್ ಅದು. ಬೀಗಲ್‌ಬೋನ್ ಬ್ಲ್ಯಾಕ್ ಎಂಬ, ಅದೇ ಬಗೆಯ ಚಿಪ್ಪಿನ ರೆಡಿಮೇಡ್ ಬೋರ್ಡ್ ಮೇಜಿನ ಮೇಲೆ ಇಟ್ಟುಕೊಂಡು, ಲಿನಕ್ಸ್ ಕಟ್ಟುವ ಸಾಧನ ಯೋಕ್ಟೋದಲ್ಲಿ ಮೂರು ತಿಂಗಳು ಕಾರ್ಡಿನ ಇಮೇಜ್ ಕಟ್ಟಿ, ಹಿಂದಿನ ಶುಕ್ರವಾರವಷ್ಟೇ ರಿಲೀಸ್ ಮಾಡಿದ್ದೆ. ಎಷ್ಟು ಸಲ ಬೂಟ್ ಮಾಡಿ ನೋಡಿದ್ದೆನೋ ಲೆಕ್ಕವಿಲ್ಲ. ಆ ಧೈರ್ಯದಲ್ಲೇ ಹೇಳಿಬಿಟ್ಟೆ: "ಹಾರ್ಡ್‌ವೇರ್ ಪ್ರಾಬ್ಲಮ್ ಇರಬೇಕು ಸಾರ್, ಡಿಡಿಆರ್ ಮೆಮೊರಿ ಸೋಲ್ಡರಿಂಗ್ ನೋಡಿಸಿ."

ಈ ಒಂದು ಮಾತು ಈಗಲೂ ಚುಚ್ಚುತ್ತದೆ. ಒಂದೂವರೆ ಗಂಟೆ ಲೈನ್ ನಿಂತಿತು. ಎರಡು ಬೋರ್ಡ್ ಎಕ್ಸ್‌ರೇಗೆ ಹೋದವು. ನಮ್ಮ ಹಾರ್ಡ್‌ವೇರ್ ಹುಡುಗ ಊಟ ಬಿಟ್ಟು, ಸ್ಕೋಪ್ ಹಿಡಿದು ಒಂದೊಂದೇ ಪವರ್ ರೈಲ್ ಅಳೆಯುತ್ತ ಕೂತ. ಎಲ್ಲವೂ ಸರಿಯಾಗಿದ್ದವು.

ಉತ್ತರ ಆ ಸಿ ಅಕ್ಷರದಲ್ಲೇ ಇತ್ತು. ಚಿಪ್ಪಿನೊಳಗೇ ಇರುವ ಪ್ರೋಗ್ರಾಂ, ಬೂಟ್ ರೋಮ್ (ROM), ಮೊದಲು ಬೋರ್ಡ್ ಮೇಲಿನ ಸ್ಟೋರೇಜ್ ಇಎಂಎಂಸಿ ನೋಡುತ್ತದೆ, ಆಮೇಲೆ ಎಸ್‌ಡಿ ಕಾರ್ಡ್. ಎರಡರಲ್ಲೂ ಏನೂ ಸಿಗದಿದ್ದರೆ ಸೀರಿಯಲ್‌ನಲ್ಲಿ ಸಿ ಕಳಿಸುತ್ತ ಅಲ್ಲಿಂದಲೇ ಯಾರಾದರೂ ಫೈಲ್ ಕಳಿಸಲಿ ಎಂದು (ಎಕ್ಸ್‌ಮೋಡೆಮ್) ಕಾಯುತ್ತದೆ. ಡಿಡಿಆರ್ ಎಬ್ಬಿಸುವುದು ರೋಮ್ ಲೋಡ್ ಮಾಡುವ ಪುಟ್ಟ ಬೂಟ್‌ಲೋಡರ್ ಎಸ್‌ಪಿಎಲ್; ಅದು ಯು-ಬೂಟನ್ನು ತರುತ್ತದೆ, ಯು-ಬೂಟ್ ಕರ್ನಲ್ಲನ್ನು ಎಬ್ಬಿಸುತ್ತದೆ. ಎಸ್‌ಪಿಎಲ್ಲೇ ಲೋಡ್ ಆಗದಿದ್ದ ಮೇಲೆ ಡಿಡಿಆರ್ ಮಾತು ಎಲ್ಲಿಂದ ಬಂತು? ಇದೆಲ್ಲ ನನಗೆ ಗೊತ್ತಿದ್ದದ್ದೇ. ನನ್ನ ಇಮೇಜ್ ಮೇಲೆ ಅನುಮಾನ ಪಡಲು ಮನಸ್ಸಾಗಲಿಲ್ಲ, ಅಷ್ಟೇ.

ಹನ್ನೆರಡು ದಾಟಿದ ಮೇಲೆ ಅದೇ ಕಾರ್ಡನ್ನು ನನ್ನ ಬೀಗಲ್‌ಬೋನ್‌ಗೆ ಹಾಕಿದೆ. ಲಾಗಿನ್ ಪ್ರಾಂಪ್ಟ್‌ವರೆಗೆ ನೆಟ್ಟಗೆ ಬಂತು. ಸುಮ್ಮನೆ ಲಾಗ್ ಮೇಲಕ್ಕೆ ಸರಿಸಿದೆ. ಮೊದಲ ಸಾಲಿನಲ್ಲಿ ಯು-ಬೂಟ್ 2019.04. ಯೋಕ್ಟೋದ ಕರ್ಕ್‌ಸ್ಟೋನ್ ಆವೃತ್ತಿಯಲ್ಲಿ ನಾನು ಕಟ್ಟಿದ್ದು 2022.01. ಕೈ ತಣ್ಣಗಾಯಿತು.

ಮೂರು ತಿಂಗಳು ನನ್ನ ಕರ್ನಲ್ಲನ್ನು ಎಬ್ಬಿಸಿದ್ದು ಇಎಂಎಂಸಿಯಲ್ಲಿ ಮೊದಲೇ ಬಂದಿದ್ದ ಡೆಬಿಯನ್ನಿನ ಯು-ಬೂಟ್. ಅದು ಎದ್ದು, ಎಸ್‌ಡಿ ಕಾರ್ಡಿನಲ್ಲಿ ಕರ್ನಲ್ ಕಂಡು, ಅಲ್ಲಿಂದ ಮುಂದುವರಿಸುತ್ತಿತ್ತು. ನನ್ನ ಎಂಎಲ್‌ಒ (ಎಸ್‌ಪಿಎಲ್ ಇರುವ ಫೈಲ್) ಒಂದು ದಿನವೂ ಓಡಿರಲಿಲ್ಲ. ಇಎಂಎಂಸಿ ಬಿಟ್ಟು ಕಾರ್ಡಿನಿಂದ ಎಬ್ಬಿಸುವ ಎಸ್2 ಬಟನ್ ಒತ್ತಿ ಹಿಡಿದೇ ಟೆಸ್ಟ್ ಮಾಡುತ್ತಿದ್ದೆ, ನಿಜ. ಆದರೆ ಪವರ್ ತೆಗೆಯದೆ ಬರೀ ರಿಸೆಟ್ ಕೊಡುತ್ತಿದ್ದೆ. ಆ ಬಟನ್ನನ್ನು ಚಿಪ್ ಗಮನಿಸುವುದು ಪವರ್ ಬರುವ ಹೊತ್ತಿನಲ್ಲಿ ಮಾತ್ರ.

ಈಗ ಎಸ್2 ಹಿಡಿದುಕೊಂಡೇ ಕೇಬಲ್ ಕಿತ್ತು ಚುಚ್ಚಿದೆ. ಸಿ ಸಿ ಸಿ ಸಿ.

ಎ/ಬಿ ಅಪ್‌ಡೇಟ್‌ಗೆಂದು (ಒಂದು ಪ್ರತಿ ಕೆಟ್ಟರೆ ಇನ್ನೊಂದರಿಂದ ಏಳಲು) ಎರಡನೇ ರೂಟ್ ಪಾರ್ಟಿಷನ್ ಸೇರಿಸುವಾಗ ಕಾರ್ಡಿನ ಪಾರ್ಟಿಷನ್‌ಗಳನ್ನು ಹೇಳುವ ಡಬ್ಲ್ಯೂಕೆಎಸ್ ಫೈಲಿನ ಬೂಟ್ ಸಾಲನ್ನು ಹೊಸದಾಗಿ ಬರೆದಿದ್ದೆ. ಅಲ್ಲಿ ಆ್ಯಕ್ಟಿವ್ ಅನ್ನುವ ಒಂದು ಪದ ಬಿಟ್ಟುಹೋಗಿತ್ತು. ಆ ಫ್ಲ್ಯಾಗ್ ಇಲ್ಲದ ಫ್ಯಾಟ್ ಪಾರ್ಟಿಷನ್‌ನ ಒಳಗೆ ಬೂಟ್ ರೋಮ್ ಇಣುಕುವುದೂ ಇಲ್ಲ. ಲೈನಿನಲ್ಲಿದ್ದ ಹೊಸ ಬೋರ್ಡುಗಳ ಇಎಂಎಂಸಿ ಖಾಲಿ, ನನ್ನ ತಪ್ಪು ಮುಚ್ಚಲು ಅಲ್ಲಿ ಹಳೇ ಯು-ಬೂಟ್ ಇರಲಿಲ್ಲ.

ಖಾಲಿ ಇಎಂಎಂಸಿಯ ಎರಡು ಬೋರ್ಡ್ ಕೊಡಿ ಎಂದು ಮೊದಲ ತಿಂಗಳೇ ಕೇಳಿದ್ದೆ. "ಬೀಗಲ್‌ಬೋನ್ ಇದೆಯಲ್ಲ" ಎಂದರು ಮ್ಯಾನೇಜರ್. ಬಿಲ್ಡ್ ಸರ್ವರ್ ಕೇಳಿದಾಗಲೂ ಇದೇ ಕಥೆ. ಲ್ಯಾಪ್‌ಟಾಪಿನಲ್ಲಿ ಯೋಕ್ಟೋದ ಬಿಲ್ಡ್ ಕಮಾಂಡ್ ಬಿಟ್‌ಬೇಕ್ ಪೂರ್ತಿ ಓಡಲು ಐದು ಗಂಟೆ ಬೇಕು. ಅದರ ಮೇಲೆ ನನಗೆ ಸಿಟ್ಟು ಇದ್ದೇ ಇದೆ. ಆದರೆ ಬೀಗಲ್‌ಬೋನಿನ ಇಎಂಎಂಸಿ ಒರೆಸಿಹಾಕಲು ಯಾರ ಅನುಮತಿಯೂ ಬೇಕಿರಲಿಲ್ಲ, ಒಂದು ಡಿಡಿ ಕಮಾಂಡ್ ಸಾಕಿತ್ತು.

ಮತ್ತೆ ಬಿಲ್ಡ್ ಮಾಡಲು ಹೊತ್ತಿರಲಿಲ್ಲ. ಪಾರ್ಟಿಷನ್ ತಿದ್ದುವ ಎಸ್‌ಎಫ್‌ಡಿಸ್ಕ್‌ನಿಂದ ಕಾರ್ಡಿಗೂ ಅದರೊಳಗಿದ್ದ ಇಮೇಜ್ ಫೈಲಿಗೂ ಫ್ಲ್ಯಾಗ್ ಹಾಕಿ, ಎಸ್2 ಹಿಡಿದು, ಬ್ಯಾನರಿನಲ್ಲಿ 2022.01 ಕಂಡ ಮೇಲೆ ಕಾರ್ಡ್ ಹಿಡಿದು ನಾನೇ ಪೀಣ್ಯಕ್ಕೆ ಹೋದೆ. ಸೂಪರ್‌ವೈಸರ್ ಹತ್ತಿರ, "ತಪ್ಪು ನಂದೇ ಸಾರ್, ಬೋರ್ಡ್ ಚೆನ್ನಾಗೇ ಇದೆ" ಅಂದೆ. ಅವರು ಕಾರ್ಡ್ ಈಸ್ಕೊಂಡು, ಎಕ್ಸ್‌ರೇಗೆ ಹೋಗಿ ಬಂದ ಬೋರ್ಡಿಗೇ ಮೊದಲು ಹಾಕಿದರು.